ಈ ಸಲ ಪ್ರಶ್ನೆಯನ್ನು ನೀವೇ ಬರೆಯಿರಿ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳ ಬಿಎಸ್ಸಿ ವಿದ್ಯಾರ್ಥಿಗಳಿಗೆ ಮತ್ತು ಅವರಿಗೆ ಪಾಠ ಹೇಳುವ ಗುರುಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಪರೀಕ್ಷೆಯ ವೇಳಾಪಟ್ಟಿ ಹೊರಬಿತ್ತೆಂದರೆ ನಮ್ಮ ನಾಲ್ಕೂ ಊರುಗಳ ಜೆರಾಕ್ಸ್ ಅಂಗಡಿಗಳ ಮುಂದೆ ನೀವು ಸಾಲುಗಟ್ಟಿ ನಿಲ್ಲುತ್ತೀರಿ. ಹಿಂದಿನ ವರ್ಷಗಳ ಪೇಪರ್, ಸೀನಿಯರ್‌ಗಳು ಗೆರೆ ಎಳೆದ 'ಇಂಪಾರ್ಟೆಂಟ್' ಪ್ರಶ್ನೆಗಳು, ಯಾರೋ ಬಿಡಿಸಿಟ್ಟ ಉತ್ತರಗಳ ಪ್ರತಿ, ಇಷ್ಟು ಕೈಗೆ ಬಂದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಪಿಸಿಎಂ ಹುಡುಗರಿಗೆ 'ಯು ಎಂದರೆ ಎಕ್ಸ್ ಘನ ಕೂಡಿಸು ವೈ ಘನ, ಭಾಗಿಸು ಎಕ್ಸ್ ಕಳೆ ವೈ, ಅದರ ಟ್ಯಾನ್ ಇನ್ವರ್ಸ್' ಎಂದು ಹೇಳಿ ಮುಗಿಸುವ ಮೊದಲೇ 'ಸೈನ್ 2ಯು' ಎಂಬ ಉತ್ತರ ಬರುತ್ತದೆ. ಪಕ್ಕದ ಖೋಲಿಯ ಸಿಬಿಝಡ್ ಹುಡುಗಿಯರು ಹ್ಯಾಚ್-ಸ್ಲ್ಯಾಕ್ ಚಕ್ರದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯುತ್ತಾರೆ. ಇದರ ಹಿಂದೆ ನೀವು ಪಟ್ಟ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಸಣ್ಣದೆನ್ನುವುದಿಲ್ಲ. ಆದರೆ ಅದೇ ಶ್ರಮವನ್ನು ಬೇರೆ ಕಡೆ ಹಾಕಿ ಎಂದು ಬೇಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಅಭ್ಯಾಸದ ಪ್ರಶ್ನೆಗಳನ್ನು ನೀವೇ ಬರೆಯಿರಿ. ನಿಮ್ಮ ಹೊಲ, ನಿಮ್ಮ ಹೊಳೆ, ನಿಮ್ಮ ಮಗ್ಗ, ನಿಮ್ಮ ನಾಯಿಯ ಮೇಲೆ ಬರೆಯಿರಿ. ಒಬ್ಬರೇ ಬರೆಯಬೇಡಿ. ಪಿಸಿಎಂನವರೊಬ್ಬರು, ಸಿಬಿಝಡ್‌ನವರೊಬ್ಬರು ಜೋಡಿಯಾಗಿ ಕುಳಿತು ಬರೆಯಿರಿ.

ಯಾಕೆ ಎಂಬುದಕ್ಕೆ ಆ ಹ್ಯಾಚ್-ಸ್ಲ್ಯಾಕ್ ಚಕ್ರವೇ ಸಾಕು. ಪುಸ್ತಕದಲ್ಲಿ ಅದಕ್ಕೆ ಉದಾಹರಣೆಯಾಗಿ ಹೆಚ್ಚಾಗಿ ಮೆಕ್ಕೆಜೋಳ ಬರುತ್ತದೆ, ನೀವೂ ಅದನ್ನೇ ಬರೆಯುತ್ತೀರಿ. ಆದರೆ ಎಲೆ ಗಾಳಿಯ ಇಂಗಾಲವನ್ನು ಹಿಡಿಯುವ ಈ ದಾರಿ ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದು ಕಬ್ಬಿನಿಂದ. ಹವಾಯಿಯ ಕಬ್ಬು ಸಂಶೋಧಕರಾದ ಕೋರ್ಟ್‌ಶಾಕ್, ಹಾರ್ಟ್, ಬರ್ 1965ರಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ವಿಕಿರಣಶೀಲ ಇಂಗಾಲವಿದ್ದ ಗಾಳಿಯನ್ನು ಕಬ್ಬಿನ ಎಲೆಗೆ ಉಣಿಸಿ ನೋಡಿದರೆ ಮೊದಲು ಸಿಕ್ಕಿದ್ದು ಮೂರು ಇಂಗಾಲದ ವಸ್ತುವಲ್ಲ, ನಾಲ್ಕು ಇಂಗಾಲದ ಮ್ಯಾಲಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳು. ಮುಧೋಳದಿಂದ ಜಮಖಂಡಿಗೆ ಬಸ್ಸಿನಲ್ಲಿ ಬರುವಾಗ ಎಡಕ್ಕೂ ಬಲಕ್ಕೂ ನಿಮ್ಮ ಕಣ್ಣಿಗೆ ಬೀಳುವುದು ಅದೇ ಬೆಳೆ. ಆ ಬೆಳೆಯ ದುಡ್ಡಿನಲ್ಲೇ ನಿಮ್ಮಲ್ಲಿ ಬಹಳಷ್ಟು ಜನರ ಫೀಸು ಕಟ್ಟಿದೆ. ಆದರೂ ಉತ್ತರಪತ್ರಿಕೆಯಲ್ಲಿ ಕಬ್ಬಿಗೆ ಜಾಗವಿಲ್ಲ. ಪ್ರಶ್ನೆ ಬರೆದವರು ಯಾರೂ ಈ ಹೊಲಗಳ ನಡುವೆ ಕುಳಿತು ಬರೆಯದಿದ್ದುದೇ ಇದಕ್ಕೆ ಕಾರಣ.

ಕಬ್ಬಿನಿಂದಲೇ ಶುರು ಮಾಡೋಣ. ನಮ್ಮ ಎರೆ ಹೊಲಗಳಲ್ಲಿ, ಅದರಲ್ಲೂ ಕಾಲುವೆ ನೀರು, ಹೊಳೆ ನೀರು ಹೇರಳವಾಗಿ ಹತ್ತಿದ ಕಡೆ, ಸವಳು-ಜವಳು ಏನೆಂದು ರೈತರ ಮಕ್ಕಳಿಗೆ ನಾನು ಹೇಳಬೇಕಿಲ್ಲ. ನೀರು ಹೆಚ್ಚಾದಷ್ಟೂ ಬೆಳೆ ಹೆಚ್ಚು ಎಂದು ನಂಬಿ ಹಾಯಿಸಿದ ಹೊಲ, ಬರುಬರುತ್ತಾ ಬಿಳಿ ಉಪ್ಪು ಹೊದ್ದುಕೊಂಡು ಮಲಗುತ್ತದೆ. ಇದನ್ನು ಎರಡು ಚರಗಳ ಫಲನವಾಗಿ ಬರೆಯಲು ಬರುತ್ತದೆ. ನೀರಿನ ಪ್ರಮಾಣ ನ, ಸಾರಜನಕದ ಪ್ರಮಾಣ ಸ, ಎಕರೆಗೆ ಇಳುವರಿ ಇ ಎಂದಿಟ್ಟುಕೊಳ್ಳಿ.

ಇ = 20 + 8ನ + 2ಸ − ನ² − ಸ² + ನಸ

ಈ ಅಂಕಿಗಳನ್ನು ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದೇನೆ, ಹೊಲದಲ್ಲಿ ಅಳೆದು ತಂದವಲ್ಲ. ಈಗ ನಿಮಗೆ ಗೊತ್ತಿರುವ ಕೆಲಸ ಮಾಡಿ. ನೀರಿನ ದಿಕ್ಕಿನ ಆಂಶಿಕ ಅವಕಲನ, ಅಂದರೆ ತರಗತಿಯಲ್ಲಿ ನಾವು ಹೇಳುವ ಪಾರ್ಶಿಯಲ್ ಡೆರಿವೇಟಿವ್, 8 − 2ನ + ಸ. ಸಾರಜನಕದ ದಿಕ್ಕಿನದು 2 − 2ಸ + ನ. ಎರಡನ್ನೂ ಸೊನ್ನೆಗೆ ಸಮ ಮಾಡಿದರೆ ನ = 6, ಸ = 4 ಬರುತ್ತದೆ. ಅಲ್ಲಿ ಇಳುವರಿ 48. ಎರಡನೆಯ ಅವಕಲನಗಳು −2, −2, ಮಿಶ್ರ ಅವಕಲನ +1. ಗುಣಿಸಿ ಕಳೆದರೆ 4 − 1 = 3, ಧನ. ಆದ್ದರಿಂದ ಅದು ಗರಿಷ್ಠ ಬಿಂದು. ಹಳೇ ಪೇಪರಿನ ಪ್ರಶ್ನೆ ಇಲ್ಲಿಗೆ ಮುಗಿಯುತ್ತದೆ, ಮಾರ್ಕ್ಸೂ ಸಿಗುತ್ತದೆ. ನಾನು ನಿಮ್ಮಿಂದ ಬಯಸುವ ಪ್ರಶ್ನೆ ಇಲ್ಲಿಂದ ಮುಂದೆ ಶುರುವಾಗುತ್ತದೆ.

ಸಾರಜನಕವನ್ನು 4ಕ್ಕೇ ನಿಲ್ಲಿಸಿ ನೀರನ್ನು 8ಕ್ಕೆ ಏರಿಸಿದರೆ ನೀರಿನ ಅವಕಲನ −4 ಆಗುತ್ತದೆ, ಇಳುವರಿ 44ಕ್ಕೆ ಇಳಿಯುತ್ತದೆ. ಆ ಋಣಚಿಹ್ನೆ ಬಂದದ್ದು ಎಲ್ಲಿಂದ? ಇದಕ್ಕೆ ಗಣಿತದ ಹುಡುಗನ ಬಳಿ ಉತ್ತರವಿಲ್ಲ, ಪಕ್ಕದಲ್ಲಿ ಕುಳಿತ ಸಸ್ಯಶಾಸ್ತ್ರದ ಹುಡುಗಿಯ ಬಳಿ ಇದೆ. ನೀರು ನಿಂತ ಮಣ್ಣಿನ ರಂಧ್ರಗಳಲ್ಲಿ ಗಾಳಿಗೆ ಜಾಗವಿಲ್ಲ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಬೇರಿನ ಉಸಿರು ಕಟ್ಟುತ್ತದೆ. ಅದೇ ಹೊತ್ತಿಗೆ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿಕೊಂಡು, ನೀವು ದುಡ್ಡು ಕೊಟ್ಟು ತಂದ ಯೂರಿಯಾದ ಸಾರಜನಕವನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಮೇಲೆ ಬಿಸಿಲು ಕಾದಂತೆ ಕೆಳಗಿನ ನೀರು ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತದೆ, ಹೊತ್ತು ತಂದ ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ಮೈನಸ್ ಚಿಹ್ನೆಯ ಹಿಂದೆ ಇಷ್ಟು ಜೀವವಿಜ್ಞಾನವಿದೆ.

ಇನ್ನು ಆ ಮಿಶ್ರ ಅವಕಲನ +1 ಏನು ಹೇಳುತ್ತದೆ? ನೀರು ಹೆಚ್ಚಿದ್ದ ಕಡೆ ಗೊಬ್ಬರದ ಫಲವೂ ಹೆಚ್ಚು ಎಂದು. ಮಿಶ್ರ ಅವಕಲನವನ್ನು ಪುಸ್ತಕದಲ್ಲಿ ನಾವು ಕ್ರಮ ಬದಲಿಸಿದರೂ ಉತ್ತರ ಒಂದೇ ಎಂದು ಸಾಧಿಸುವುದಕ್ಕೆ ಮಾತ್ರ ಬಳಸುತ್ತೇವೆ. ಆದರೆ ಹೊಲದಲ್ಲಿ ಅದರ ಅರ್ಥ ಬಹಳ ದೊಡ್ಡದು: ನೀರನ್ನೂ ಗೊಬ್ಬರವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವವನು ಎರಡರಲ್ಲೂ ನಷ್ಟಕ್ಕೆ ಬೀಳುತ್ತಾನೆ. ಮತ್ತೂ ಒಂದು ಪ್ರಶ್ನೆ ಇದೆ, ಇದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನ = 0, ಸ = 0 ಹಾಕಿ ನೋಡಿ. ಇಳುವರಿ 20 ಬರುತ್ತದೆ. ಒಂದು ಹನಿ ನೀರಿಲ್ಲದೆ ಎಕರೆಗೆ ಇಪ್ಪತ್ತು ಟನ್ ಕಬ್ಬು ಬೆಳೆಯುವುದುಂಟೇ? ಹಾಗಾದರೆ ಈ ಸೂತ್ರ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಸುಳ್ಳು? ಸೂತ್ರಕ್ಕೂ ಒಂದು ಎಲ್ಲೆ ಉಂಟೆಂದು ಒಮ್ಮೆ ಕಂಡುಕೊಂಡ ವಿದ್ಯಾರ್ಥಿ ಆಮೇಲೆ ಯಾವ ಸೂತ್ರವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ನಿಮ್ಮ ತಂದೆಯವರನ್ನು ಕೇಳಿ, ಕೋ-86032 ತಳಿಯ ಕಬ್ಬಿಗೆ ಅವರು ಎಷ್ಟು ದಿನಕ್ಕೊಮ್ಮೆ ನೀರು ಹಾಯಿಸುತ್ತಾರೆ, ಕೂಳೆ ಬೆಳೆಗೆ ಎಷ್ಟು ಗೊಬ್ಬರ ಕೊಡುತ್ತಾರೆ, ಎಷ್ಟು ಟನ್ ತೂಗಿತು. ನಾನು ಕಟ್ಟಿದ ಅಂಕಿಗಳನ್ನು ಅಳಿಸಿ, ಅವರ ಅಂಕಿಗಳನ್ನು ಬರೆಯಿರಿ.

ಮುಧೋಳದ ವಿದ್ಯಾರ್ಥಿಗಳೇ, ನಿಮ್ಮ ಊರಿನ ಹೆಸರು ಹೊತ್ತ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಘೋರ್ಪಡೆ ಅರಸರು ಈ ತಳಿಯನ್ನು ಸಾಕಿ ಉಳಿಸಿದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಳಿ ಉಳಿಸುವುದೆಂದರೆ ಅದರ ಲೆಕ್ಕ ಬೇರೆ ಇದೆ, ಅದು ನಿಮ್ಮ ಸಿಲಬಸ್ಸಿನಲ್ಲೇ ಇದೆ. ತಳಿವಿಜ್ಞಾನಿ ಸ್ಯೂವಲ್ ರೈಟ್ ಕೊಟ್ಟ ಸೂತ್ರ ಇದು: ಮರಿ ಹಾಕಿಸಲು ಬಳಸುವ ಗಂಡು ನಾಯಿಗಳು ಗ, ಹೆಣ್ಣು ನಾಯಿಗಳು ಹ ಇದ್ದರೆ, ಆ ಗುಂಪಿನ ಪರಿಣಾಮಕಾರಿ ಸಂಖ್ಯೆ 4ಗಹ ಭಾಗಿಸು (ಗ + ಹ).

ಎರಡು ಹೆಸರಾದ ಗಂಡು ನಾಯಿ, ನಲವತ್ತು ಹೆಣ್ಣು ನಾಯಿ ಇವೆ ಎಂದುಕೊಳ್ಳಿ. ಎಲ್ಲರಿಗೂ ಆ ಎರಡರ ಮರಿಯೇ ಬೇಕು. ಕಣ್ಣಿಗೆ ಕಾಣುವುದು ನಲವತ್ತೆರಡು ನಾಯಿ. ಸೂತ್ರ ಹೇಳುವುದು 320 ಭಾಗಿಸು 42, ಅಂದರೆ 7.6. ವಂಶವಾಹಿಗಳ ದೃಷ್ಟಿಯಿಂದ ಅಲ್ಲಿ ಎಂಟು ನಾಯಿಗಳೂ ಇಲ್ಲ. ಈಗ ಅವಕಲನ ಮಾಡಿ. ಗಂಡಿನ ದಿಕ್ಕಿನದು 4ಹ² ಭಾಗಿಸು (ಗ + ಹ)ದ ವರ್ಗ, ಸುಮಾರು 3.63. ಹೆಣ್ಣಿನ ದಿಕ್ಕಿನದು 4ಗ² ಭಾಗಿಸು ಅದೇ ವರ್ಗ, ಸುಮಾರು 0.009. ಇನ್ನೊಂದು ಹೆಣ್ಣು ನಾಯಿ ತಂದರೆ ಏನೂ ಆಗುವುದಿಲ್ಲ ಎನ್ನುವಷ್ಟು ಕಡಿಮೆ, ಬೇರೆ ವಂಶದ ಒಂದೇ ಒಂದು ಗಂಡು ತಂದರೆ ಸಂಖ್ಯೆ 11ಕ್ಕೆ ಏರುತ್ತದೆ. ಪ್ರತಿ ಪೀಳಿಗೆಗೆ ಒಳಸಂಬಂಧದ ಪ್ರಮಾಣ ಏರುವುದು ಈ ಸಂಖ್ಯೆಯ ಎರಡು ಪಟ್ಟಿನಿಂದ 1ನ್ನು ಭಾಗಿಸಿದಷ್ಟು. ಮೊದಲು ಶೇಕಡಾ 6.6 ಇದ್ದದ್ದು ಮೂರನೆಯ ಗಂಡು ಬಂದ ಮೇಲೆ ಶೇಕಡಾ 4.5ಕ್ಕೆ ಇಳಿಯುತ್ತದೆ. ಸಾಕುವವರ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಬಹುದಾದ, ಹೇಳಲೇಬೇಕಾದ ಉತ್ತರ ಇದು.

ಇಲ್ಲಿಯೇ ಆಯ್ಲರ್ ಪ್ರಮೇಯವೂ ಕುಳಿತಿದೆ. ಗಂಡು, ಹೆಣ್ಣು ಎರಡನ್ನೂ ಇಮ್ಮಡಿ ಮಾಡಿದರೆ ಪರಿಣಾಮಕಾರಿ ಸಂಖ್ಯೆಯೂ ಇಮ್ಮಡಿ. ಅಂದರೆ ಇದು ಒಂದನೆಯ ಘಾತದ ಸಮಘಾತ ಫಲನ. ಆದ್ದರಿಂದ ಗಂಡಿನ ಸಂಖ್ಯೆಯನ್ನು ಅದರ ಅವಕಲನಕ್ಕೆ, ಹೆಣ್ಣಿನ ಸಂಖ್ಯೆಯನ್ನು ಅದರ ಅವಕಲನಕ್ಕೆ ಗುಣಿಸಿ ಕೂಡಿಸಿದರೆ ಮೂಲ ಸಂಖ್ಯೆಯೇ ಬರಬೇಕು. 2 ಗುಣಿಸು 3.628 ಎಂದರೆ 7.256. 40 ಗುಣಿಸು 0.00907 ಎಂದರೆ 0.363. ಕೂಡಿಸಿದರೆ 7.619, ಸರಿಯಾಗಿ ಬಂತು. 'ಸೈನ್ 2ಯು' ಎಂದು ಬಾಯಿಪಾಠ ಮಾಡಿದ ಪ್ರಮೇಯ ನಾಯಿಗಳ ಗುಂಪಿನೊಳಗೆ ನಿಂತು ಲೆಕ್ಕ ಒಪ್ಪಿಸುವುದನ್ನು ನೋಡಿದರೆ ಅದು ಜನ್ಮದಲ್ಲಿ ಮರೆಯದು.

ಮಾನವ ಶರೀರಕ್ಕೂ ಇಂಥದೇ ಒಂದು ಸೂತ್ರವಿದೆ. 1916ರಲ್ಲಿ ಡು ಬಾಯ್ ಎಂಬ ಇಬ್ಬರು, ತೂಕದ 0.425ನೆಯ ಘಾತ ಮತ್ತು ಎತ್ತರದ 0.725ನೆಯ ಘಾತವನ್ನು ಗುಣಿಸಿ, 0.007184ರಿಂದ ಮತ್ತೆ ಗುಣಿಸಿ ಮೈಚರ್ಮದ ವಿಸ್ತೀರ್ಣ ಹೇಳಿದರು. 60 ಕಿಲೋ, 160 ಸೆಂಟಿಮೀಟರ್ ಇರುವವರಿಗೆ ಅದು ಸುಮಾರು 1.62 ಚದರ ಮೀಟರ್. ಕ್ಯಾನ್ಸರ್ ಔಷಧಿಗಳ ಪ್ರಮಾಣವನ್ನು ಇಂದಿಗೂ ಈ ವಿಸ್ತೀರ್ಣದ ಮೇಲೆ ನಿಗದಿ ಮಾಡುತ್ತಾರೆ. ತೂಕದ ಯಂತ್ರ ಶೇಕಡಾ 2 ತಪ್ಪಿದರೆ, ಎತ್ತರ ಶೇಕಡಾ 1 ತಪ್ಪಿದರೆ ವಿಸ್ತೀರ್ಣ ಎಷ್ಟು ತಪ್ಪುತ್ತದೆ? ಟೋಟಲ್ ಡಿಫರೆನ್ಷಿಯಲ್ ಕಲಿತವರು ಮನಸ್ಸಿನಲ್ಲೇ ಹೇಳಬಹುದು: ಹೆಚ್ಚೆಂದರೆ ಶೇಕಡಾ 1.6. ನಿಮ್ಮ ತರಗತಿಯವರ ತೂಕ, ಎತ್ತರ ತೆಗೆದುಕೊಂಡು ಮಾಡಿ ನೋಡಿ. ಇದರ ಬಗ್ಗೆ ಇಷ್ಟು ಸಾಕು, ನನಗೆ ರಬಕವಿ-ಬನಹಟ್ಟಿಯ ಮಾತು ಆಡಬೇಕಿದೆ.

ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಇಲ್ಲದ ಹಗಲಿಲ್ಲ. ನಿಮ್ಮಲ್ಲಿ ಕೆಲವರು ಆ ಸದ್ದಿನ ಪಕ್ಕದ ಖೋಲಿಯಲ್ಲೇ ಕುಳಿತು ಓದಿದವರು. ಮಗ್ಗದ ಮುಂದೆ ನಿಂತವರು ಒಬ್ಬರಿಗೊಬ್ಬರು ಕೈಸನ್ನೆ ಮಾಡಿ ಮಾತಾಡುವುದನ್ನು, ಮನೆಗೆ ಬಂದ ಮೇಲೂ ಗಟ್ಟಿಯಾಗಿಯೇ ಮಾತಾಡುವುದನ್ನು ನೋಡಿ ಬೆಳೆದವರು. ಅದರ ಹಿಂದಿನ ಜೀವಶಾಸ್ತ್ರ ನಿಮ್ಮ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿದೆ. ಒಳಗಿವಿಯ ಶಂಖದಂಥ ಕಾಕ್ಲಿಯಾದಲ್ಲಿ ಒಂದೊಂದು ಕಿವಿಗೆ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಹಕ್ಕಿಗಳಲ್ಲಿ ಅವು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹೋದದ್ದು ಹೋಯಿತು. ದೊಡ್ಡ ಸದ್ದಿಗೆ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಕೇಳಿಕೆಗೆ. ಅದಕ್ಕೇ ಶುರುವಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾತು ಕೇಳಿಸುತ್ತದೆ, ಅಕ್ಷರಗಳು ಬಿಡಿಸಿ ಕೇಳಿಸುವುದಿಲ್ಲ.

ಇದಕ್ಕೆ ಲೆಕ್ಕ ಕಟ್ಟಿ. ಔದ್ಯೋಗಿಕ ಆರೋಗ್ಯ ತಜ್ಞರು ಒಪ್ಪಿರುವ ಒಂದು ಅಳತೆಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ನಮ್ಮ ದೇಶದ ಕಾರ್ಖಾನೆ ನಿಯಮಗಳು 8 ತಾಸಿಗೆ 90 ಡೆಸಿಬೆಲ್‌ವರೆಗೆ ಬಿಡುತ್ತವೆ, ಅದು ಇದಕ್ಕಿಂತ ಸಡಿಲವಾದ ಮಿತಿ. ಕಿವಿಯ ಹಿತಕ್ಕೆ ನಾವು ಬಿಗಿಯಾದ ಅಳತೆಯನ್ನೇ ಹಿಡಿಯೋಣ. ಸದ್ದಿನ ಮಟ್ಟ ಮ, ತಾಸು ತ ಆದರೆ ಕಿವಿಗೆ ಬಿದ್ದ ಹೊರೆ ಹೀಗೆ: ತ ಭಾಗಿಸು 8, ಅದನ್ನು 2ರ (ಮ − 85)/3ನೆಯ ಘಾತದಿಂದ ಗುಣಿಸು. ಹೊರೆ 1 ಮೀರದಿದ್ದರೆ ಮಿತಿಯೊಳಗೆ. ಎರಡು ಚರಗಳ ಫಲನ, ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

94 ಡೆಸಿಬೆಲ್‌ನಲ್ಲಿ 8 ತಾಸು ದುಡಿದವರ ಹೊರೆ 8. ಮಿತಿಯ ಎಂಟು ಪಟ್ಟು. ಈಗ ಪ್ರಶ್ನೆ: ಒಂದು ತಾಸು ಕೆಲಸ ಕಡಿಮೆ ಮಾಡುವುದು ಒಳ್ಳೆಯದೋ, ಒಂದೇ ಒಂದು ಡೆಸಿಬೆಲ್ ಸದ್ದು ಇಳಿಸುವುದು ಒಳ್ಳೆಯದೋ? ತಾಸಿನ ದಿಕ್ಕಿನ ಅವಕಲನ 1. ಸದ್ದಿನ ದಿಕ್ಕಿನದು ಹೊರೆಯನ್ನು 0.231ರಿಂದ ಗುಣಿಸಿದಷ್ಟು, ಇಲ್ಲಿ 1.85. ಪೂರ್ತಿ ಲೆಕ್ಕ ಮಾಡಿದರೂ ಒಂದು ಡೆಸಿಬೆಲ್ ಇಳಿಕೆಗೆ ಹೊರೆ 1.65 ಕಡಿಮೆಯಾಗುತ್ತದೆ, ಒಂದು ತಾಸಿನ ಇಳಿಕೆಗೆ 1 ಮಾತ್ರ. ಅವಕಲನ ಹೇಳಿದ 1.85ಕ್ಕೂ ನಿಜವಾದ 1.65ಕ್ಕೂ ಯಾಕೆ ವ್ಯತ್ಯಾಸ ಎಂಬುದೇ ಇನ್ನೊಂದು ಐದಂಕದ ಪ್ರಶ್ನೆ. ಕೂಲಿ ತಾಸಿನ ಮೇಲೋ ನೇಯ್ದ ಮೀಟರಿನ ಮೇಲೋ ಸಿಗುವ ಮನೆಯಲ್ಲಿ ಈ ಉತ್ತರದ ಬೆಲೆ ಏನೆಂದು ಯೋಚಿಸಿ. ಒಂದು ತಾಸು ಬಿಡುವುದೆಂದರೆ ಆ ತಾಸಿನ ದುಡ್ಡು ಹೋಯಿತು. ಮಗ್ಗದ ಬುಡಕ್ಕೆ ದಪ್ಪ ರಬ್ಬರ್, ಸವೆದ ಬಿಡಿಭಾಗಗಳ ಬದಲಾವಣೆ, ಕಿವಿಗೆ ಪ್ಲಗ್ ಇವುಗಳಿಂದ ಕೂಲಿ ಹೋಗುವುದಿಲ್ಲ.

ಒಂದೇ ತರಹದ ಮಗ್ಗಗಳು ಒಂದರಿಂದ ಎರಡಾದರೆ ಸದ್ದು 3 ಡೆಸಿಬೆಲ್ ಏರುತ್ತದೆ, ಹತ್ತಾದರೆ 10 ಏರುತ್ತದೆ. ಹೊರೆ 1 ಆಗುವ ಬಿಂದುಗಳನ್ನೆಲ್ಲ ಸೇರಿಸಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯಿರಿ. ಲೆವೆಲ್ ಕರ್ವ್ ಎಂದು ನೀವು ಓದಿದ್ದು ಅದೇ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ನಿಮ್ಮ ಮನೆಯ ಮಗ್ಗದ ಮುಂದೆ ನಿಲ್ಲಿ. ಮೊಬೈಲ್ ಅಳತೆ ನಿಖರವಲ್ಲ, ಆದ್ದರಿಂದ ಎರಡು-ಮೂರು ಮೊಬೈಲುಗಳಲ್ಲಿ ಅಳೆದು ಹೋಲಿಸಿ. ಆಮೇಲೆ ನಿಮ್ಮ ತಂದೆ-ತಾಯಿ ಆ ಗೆರೆಯ ಯಾವ ಕಡೆ ಇದ್ದಾರೆ ಎಂದು ಗುರುತು ಹಾಕಿ. ಈ ಲೆಕ್ಕ ಬಿಡಿಸಿದ ಹುಡುಗಿ ಮಾರ್ಕ್ಸ್ ಎಷ್ಟೇ ತರಲಿ, ಅವಳ ಮನೆಯಲ್ಲಿ ಒಂದು ಜೊತೆ ಕಿವಿಪ್ಲಗ್ ಬಂದರೆ ಬಿಎಸ್ಸಿಗೆ ಸೇರಿದ್ದು ಸಾರ್ಥಕ ಎನ್ನುತ್ತೇನೆ ನಾನು.

ಬೀಳಗಿಯವರಿಗೆ ಆಲಮಟ್ಟಿಯ ಹಿನ್ನೀರು ಎಂದರೆ ಮೊದಲು ನೆನಪಾಗುವುದು ಮುಳುಗಿದ ಹೊಲಮನೆ. 519.60 ಮೀಟರ್ ಎಂಬ ಸಂಖ್ಯೆಯನ್ನು ನಿಮ್ಮ ಹಿರಿಯರು ಗಣಿತದ ಸಂಖ್ಯೆಯಾಗಿ ನೋಡಿದವರಲ್ಲ. ಆ ಮಟ್ಟಕ್ಕೆ ಜಲಾಶಯದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಮಟ್ಟ ಒಂದು ಗೇಣು ಏರಿದರೆ ಎಷ್ಟು ನೀರು ಹೆಚ್ಚುತ್ತದೆ ಎಂಬುದು ಆ ಮಟ್ಟದಲ್ಲಿ ನೀರು ಹರಡಿದ ವಿಸ್ತೀರ್ಣದ ಮೇಲೆ ನಿಂತಿದೆ. ಡಬಲ್ ಇಂಟಿಗ್ರಲ್ ಯಾಕೆ ಕಲಿಯಬೇಕು ಎಂದು ಯಾರಾದರೂ ಕೇಳಿದರೆ ಆ ನೀರಿನ ದಂಡೆಗೆ ಕರೆದುಕೊಂಡು ಹೋಗಿ. ಜೀವಶಾಸ್ತ್ರಕ್ಕೂ ಅಲ್ಲಿ ಕೆಲಸವಿದೆ. ಊಟದ ತಟ್ಟೆಯಷ್ಟು ಅಗಲದ ತಗಡಿಗೆ ಕಾಲುಭಾಗ ಕಪ್ಪು, ಕಾಲುಭಾಗ ಬಿಳಿ ಎಂದು ಒಂದು ಬಿಟ್ಟು ಒಂದರಂತೆ ಬಣ್ಣ ಬಳಿದು, ಹಗ್ಗ ಕಟ್ಟಿ, ಮೀನುಗಾರರ ದೋಣಿಯಲ್ಲಿ ಅವರ ಜೊತೆಗೇ ಹೋಗಿ ನೀರಿಗೆ ಇಳಿಬಿಡಿ. ಅದು ಕಣ್ಣಿಗೆ ಮರೆಯಾಗುವ ಆಳವನ್ನು ಅಳೆಯುವ ವಿಧಾನವನ್ನು 1865ರಲ್ಲಿ ಇಟಲಿಯ ಸೆಕ್ಕಿ ತೋರಿಸಿಕೊಟ್ಟರು. 1.7ನ್ನು ಆ ಆಳದಿಂದ ಭಾಗಿಸಿದರೆ ಬೆಳಕು ಕುಂದುವ ದರ ಸುಮಾರಾಗಿ ಸಿಗುತ್ತದೆ. ಮಳೆಗಾಲದ ರಾಡಿ ನೀರಿನಲ್ಲಿ ತಗಡು ಅರ್ಧ ಮೀಟರಿಗೇ ಮರೆಯಾಯಿತು ಎನ್ನಿ, ಮೇಲಿನ ಬೆಳಕಿನ ನೂರರಲ್ಲೊಂದು ಪಾಲು ಉಳಿಯುವುದು 1.35 ಮೀಟರ್ ಆಳಕ್ಕೆ. ಚಳಿಗಾಲದ ತಿಳಿನೀರಿನಲ್ಲಿ 2 ಮೀಟರಿಗೆ ಮರೆಯಾದರೆ ಅದು 5.4 ಮೀಟರ್. ಪಾಚಿ ಆಹಾರ ತಯಾರಿಸುವುದು ಹೆಚ್ಚೂಕಡಿಮೆ ಅಷ್ಟು ಆಳದೊಳಗೇ. ಕಾಟ್ಲಾ, ರೋಹು ಮೀನಿನ ಊಟದ ಲೆಕ್ಕ ಅಲ್ಲಿಂದ ಶುರು. ಉಳಿದ ಪ್ರಶ್ನೆಯನ್ನು ನೀವು ಬರೆಯಿರಿ.

ಗಣಿತದವರಿಗೂ ಜೀವಶಾಸ್ತ್ರದವರಿಗೂ ಏನು ಸಂಬಂಧ ಎನ್ನುವ ಗುರುಗಳು ಇನ್ನೂ ಇದ್ದಾರೆ. ಅವರಿಗೆ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರನ್ನು ನೆನಪಿಸುತ್ತೇನೆ. ಗಣಿತ ಓದಿದ ಅವರು 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಹಳೆಯ ಎಲುಬುಗಳನ್ನು ಅಳೆಯುವ ಕೆಲಸಕ್ಕೆ. ಒಂದೊಂದು ಅಸ್ಥಿಪಂಜರಕ್ಕೆ ಹಲವಾರು ಅಳತೆ, ಅಂದರೆ ಹಲವಾರು ಚರಗಳು. ತಳಿವಿಜ್ಞಾನಿಯೂ ಸಂಖ್ಯಾಶಾಸ್ತ್ರಜ್ಞರೂ ಆದ ಫಿಷರ್ ಅವರ ಕೈಕೆಳಗೆ 1948ರಲ್ಲಿ ಪಿಎಚ್‌ಡಿ ಪಡೆದರು. ಬಹುಚರ ಸಂಖ್ಯಾಶಾಸ್ತ್ರದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಬೆಳೆದದ್ದು ಇಂಥ ಎಲುಬುಗಳ ಅಳತೆಯ ಜೊತೆಯಲ್ಲೇ.

ಹೊಸ ಪ್ರಶ್ನೆ ಬರೆಯುತ್ತಾ ಕುಳಿತರೆ ಮಾರ್ಕ್ಸ್ ಕಡಿಮೆ ಬಿದ್ದೀತು ಎಂದು ನೀವು ಹೆದರುವುದು ಸಹಜ. ಆದರೆ ಪದವಿಯ ಆಚೆ ನಿಂತಿರುವ ಪರೀಕ್ಷೆಗಳನ್ನು ನೋಡಿ. ಐಐಟಿಗಳಲ್ಲಿ ಎಂಎಸ್ಸಿ ಸೇರಲು ಬರೆಯುವ ಜಾಮ್ ಪರೀಕ್ಷೆಗೆ 3 ತಾಸು, 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ನೀವೇ ಲೆಕ್ಕ ಹಾಕಿ ಒತ್ತಬೇಕು. 10 ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು, ಎಲ್ಲವನ್ನೂ ಹಿಡಿದರೆ ಮಾತ್ರ ಅಂಕ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಜೀವತಂತ್ರಜ್ಞಾನದ ಜಾಮ್‌ನಲ್ಲಿ ಪಿಯುಸಿ ಮಟ್ಟದ ಗಣಿತವೂ ಇದೆ, ಇದನ್ನು ಸಿಬಿಝಡ್‌ನವರು ತಡವಾಗಿ ತಿಳಿದು ಪರದಾಡುವುದನ್ನು ನೋಡಿ ನನಗೆ ಸಂಕಟವಾಗಿದೆ. ಒಂದು ಪ್ರಶ್ನೆಯನ್ನು ಸ್ವತಃ ಕಟ್ಟಿದವರಿಗೆ ಹಳೇ ಪೇಪರಿನ ಹತ್ತು ಪ್ರಶ್ನೆ ಬಿಡಿಸುವುದು ಹಗುರ. ಹಳೇ ಪೇಪರಿನ ನೂರು ಬಿಡಿಸಿದವರಿಗೆ ಒಂದು ಹೊಸದು ಬಂದರೂ ಕೈ ನಡುಗುತ್ತದೆ.

ಬರೆಯುವಾಗ ಮೊದಲು ಕನ್ನಡದಲ್ಲೇ ಬರೆಯಿರಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಬಂದ ನಿಮಗೆ ಯಾವುದರ ಮೇಲೆ ಯಾವುದು ನಿಂತಿದೆ ಎಂಬುದು ಕನ್ನಡದಲ್ಲೇ ಬೇಗ ಹೊಳೆಯುತ್ತದೆ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯ ಆಮೇಲೆ ಮಾಡಿಕೊಳ್ಳಬಹುದು. ಜೀವಶಾಸ್ತ್ರದವರು ಏನು ಬದಲಾದರೆ ಏನು ಬದಲಾಗುತ್ತದೆ ಎಂದು ಹೇಳಲಿ, ಗಣಿತದವರು ಅದನ್ನು ಫಲನ ಮಾಡಲಿ. ಚಿಹ್ನೆ ಸರಿಯೇ, ಅಳತೆಯ ಮಾನ ಕೂಡುತ್ತದೆಯೇ, ಸೊನ್ನೆ ಹಾಕಿದರೆ ಏನಾಗುತ್ತದೆ ಎಂದು ಇಬ್ಬರೂ ನೋಡಿ. ಉತ್ತರ ಬಂದ ಮೇಲೆ ಅದನ್ನು ಹೊಲದವರಿಗೋ ಮಗ್ಗದವರಿಗೋ ಒಂದು ಮಾತಿನಲ್ಲಿ ಹೇಳಲು ಬಾರದಿದ್ದರೆ ಆ ಪ್ರಶ್ನೆ ಇನ್ನೂ ಮುಗಿದಿಲ್ಲ.

ಗುರುಗಳೇ, ನಿಮಗೂ ಒಂದು ಬಿನ್ನಹ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಪಠ್ಯ ಬದಲಾಗುವ ಈ ಹೊತ್ತಿನಲ್ಲಿ ಹಳೇ ಕ್ವೆಶ್ಚನ್ ಬ್ಯಾಂಕಿನ ಮೇಲೆ ಹೊಸ ಮುಖಪುಟ ಅಂಟಿಸುವುದು ಬೇಡ. ಆಂತರಿಕ ಮೌಲ್ಯಮಾಪನದ ಅಸೈನ್‌ಮೆಂಟ್ ಎಂದು ನಾವು ಹುಡುಗರಿಂದ ಪುಸ್ತಕದ ಪುಟಗಳನ್ನೇ ಮತ್ತೆ ಬರೆಸುತ್ತೇವೆ. ಅದರ ಬದಲು ಒಂದು ಸ್ವಂತ ಪ್ರಶ್ನೆ, ಅದರ ಬಿಡಿಸಿದ ಉತ್ತರ ಬರೆಸಿ, ಅದಕ್ಕೆ ಅಂಕ ಕೊಡಿ. ಮೊದಮೊದಲು ತಪ್ಪು ಪ್ರಶ್ನೆಗಳೇ ಬರುತ್ತವೆ. ತಪ್ಪು ಪ್ರಶ್ನೆಯನ್ನು ತಿದ್ದುವ ಒಂದು ಪೀರಿಯಡ್, ಸರಿಯುತ್ತರ ಡಿಕ್ಟೇಟ್ ಮಾಡುವ ಹತ್ತು ಪೀರಿಯಡ್‌ಗಿಂತ ಮಿಗಿಲು.

ನಮ್ಮ ಕಾಲೇಜುಗಳು ಒಂದು ಕಾಲಕ್ಕೆ ಧಾರವಾಡದ ಕಡೆ, 2010ರ ನಂತರ ಬೆಳಗಾವಿಯ ಕಡೆ ಮುಖ ಮಾಡಿ ಪ್ರಶ್ನೆಪತ್ರಿಕೆಗೆ ಕಾಯುತ್ತಿದ್ದವು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಬಂತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ನಾವೆಲ್ಲ ಆತಂಕಪಟ್ಟೆವು. ಊರಿನಲ್ಲಿ ವಿಶ್ವವಿದ್ಯಾಲಯ ಇರಬೇಕೆನ್ನುವುದಕ್ಕೆ ಕಟ್ಟಡಕ್ಕಿಂತ ಬಲವಾದ ಸಾಕ್ಷಿ ಬೇಕು. ಈ ನೆಲದ ಕಬ್ಬು, ನೀರು, ನಾಯಿ, ನೇಯ್ಗೆ ಅದರ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಆ ಸಾಕ್ಷಿ ತಾನಾಗಿ ಸಿಗುತ್ತದೆ. ಅಭ್ಯಾಸ ಮಂಡಳಿಯ ಸದಸ್ಯರು ಪ್ರತಿ ಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆಯನ್ನು, ಹಿಂದೆ ಎಂದೂ ಕೇಳದ, ಈ ಭಾಗದ ಅಂಕಿಗಳಿರುವ ಪ್ರಶ್ನೆಯನ್ನು, ಕಡ್ಡಾಯ ಮಾಡಲಿ ಎಂದು ಕೈಮುಗಿದು ಕೇಳುತ್ತೇನೆ.

ಸರ್ಕಾರ ಮಾಡಲಿ, ವಿಶ್ವವಿದ್ಯಾಲಯ ಮಾಡಲಿ ಎಂದು ಕಾಯುವುದು ಈ ನೆಲದ ರೂಢಿಯಲ್ಲ. 1980ರ ದಶಕದ ಕೊನೆಯಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರು ಮುಂದೆ ನಿಂತು, ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಾಯಿತು. ಹಾಗೆಯೇ ನಾಲ್ಕು ತಾಲೂಕುಗಳ ವಿದ್ಯಾರ್ಥಿಗಳು ಸೇರಿ ಒಂದು ಪ್ರಶ್ನೆಗಳ ಸಂಗ್ರಹ ಕಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ, ಹಣವೂ ಬೇಕಿಲ್ಲ. ಒಂದು ನೂರು ಪುಟದ ನೋಟುಬುಕ್ ಸಾಕು. ಬೀಳಗಿಯವರ ಪ್ರಶ್ನೆಯನ್ನು ಬನಹಟ್ಟಿಯವರು ಬಿಡಿಸಲಿ, ಮುಧೋಳದವರದನ್ನು ಜಮಖಂಡಿಯವರು ತಿದ್ದಲಿ.

ಈ ಸೆಮಿಸ್ಟರ್ ಮುಗಿಯುವುದರೊಳಗೆ ಜೋಡಿಗೆ ಒಂದರಂತೆ ಪ್ರಶ್ನೆ ಬರೆದು, ಬಿಡಿಸಿ, ಕೆಳಗೆ ನಿಮ್ಮಿಬ್ಬರ ಹೆಸರು, ಊರು ಹಾಕಿ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಡಿ. ಮುಂದಿನ ವರ್ಷ ಬರುವ ನಿಮ್ಮ ತಮ್ಮಂದಿರು, ತಂಗಿಯರು ಜೆರಾಕ್ಸ್ ಮಾಡಿಸಬೇಕಾದದ್ದು ಆ ನೋಟುಬುಕ್ಕನ್ನು.

ಇಂತಿ ನಿಮ್ಮ ಹಿತ ಬಯಸುವ,
ಒಬ್ಬ ಗಣಿತದ ಮಾಸ್ತರ